ಎದೆ ಮೇಲಿರೋ ಕೂಸನ್ನ ದಯವಿಟ್ಟು ಎತ್ಕೋಬೇಡಿ

ಮಂಡ್ಯ ಕಡೆ ನೆಂಟರ ಮನೆಗೆ ಬಾಣಂತಿ ನೋಡೋಕೆ ಹೋಗಿದ್ದೆ. ಮೈಸೂರಿಗೆ ವಾಪಸ್ ಬಂದರೂ ಸಿಟ್ಟು ಇಳಿದಿಲ್ಲ. ಕೂಸು ತಿಂಗಳು ತುಂಬೋ ಮೊದಲೇ ಹುಟ್ಟಿದೆ, ಎರಡು ಕೆಜಿಯೂ ಇಲ್ಲ. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಹಾಕದೆ ಬರಿ ಎದೆಗೆ ಆನಿಸಿ ಬಟ್ಟೆ ಕಟ್ಟಿಕೋ ಅಂತ ಆಸ್ಪತ್ರೆಯಲ್ಲಿ ನರ್ಸಮ್ಮ ಚೆನ್ನಾಗಿ ಕಲಿಸಿ ಕಳಿಸಿದ್ದಾರೆ. ಹುಡುಗಿ ಹಾಗೇ ಕೂತಿದ್ದಳು. ಬಂದವರೊಬ್ಬರು "ಇದೇನವ್ವ, ಕೋತಿ ಮರಿ ಥರ ಕಟ್ಕೊಂಡಿದ್ದೀಯ, ಕೊಡಿಲ್ಲಿ" ಅಂತ ಬಿಚ್ಚಿಸಿ ಎತ್ತಿಕೊಂಡರು. ಆಮೇಲೆ ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ. ಕಾಲುಚೀಲ ಎಲ್ಲೋ ಬಿತ್ತು. ಒಳಗಿಂದ "ನೀರು ಕಾದಿದೆ, ಎಣ್ಣೆ ಹಚ್ಚಿ ಎರೆದುಬಿಡೋಣ" ಅಂತ ಕೂಗು ಬೇರೆ.

ಕೂಸಿನ ಪಾದ ಮುಟ್ಟಿ ನೋಡಿದೆ. ಹೊಟ್ಟೆ ಬೆಚ್ಚಗಿದೆ, ಪಾದ ತಣ್ಣಗಿದೆ. ಅಂದರೆ ಮೈ ಬಿಸಿ ಉಳಿಸಿಕೊಳ್ಳೋಕೆ ಅದು ಆಗಲೇ ಒದ್ದಾಡ್ತಿದೆ. ಇಂಥ ಕೂಸಿಗೆ ಚರ್ಮ ತೆಳು, ಅದರಡಿ ಕೊಬ್ಬೂ ಕಮ್ಮಿ. ತಣ್ಣಗಾದರೆ ಕುಡಿದ ಹಾಲೆಲ್ಲ ಮೈ ಕಾಯಿಸೋಕೇ ಹೋಗುತ್ತೆ, ತೂಕ ಏರಲ್ಲ, ಚೀಪೋಕೂ ಶಕ್ತಿ ಇರಲ್ಲ.

ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ (ಕೂಸನ್ನ ಬೆಚ್ಚಗಿಡೋ ಪೆಟ್ಟಿಗೆ) ಸಾಲದೆ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು, ಹೀಗೆ ಎದೆಗೆ ಕಟ್ಟಿ ತಾಯಿಯ ಮೈಬಿಸಿಯಲ್ಲೇ ಕೂಸನ್ನ ಬೆಚ್ಚಗಿಡೋ ಈ ಕಾಂಗರೂ ಆರೈಕೆ. 2021ರಲ್ಲಿ ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳ ಅಧ್ಯಯನ ಬಂತು. 1ರಿಂದ 1.8 ಕೆಜಿ ತೂಕದ ಕೂಸುಗಳನ್ನ ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ 28 ದಿನದೊಳಗಿನ ಸಾವು ಶೇ. 15.7ರಿಂದ 12ಕ್ಕೆ ಇಳಿದಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಆಸ್ಪತ್ರೆಯಿಂದ ಹಳ್ಳಿ ಮನೆವರೆಗೆ ಇದನ್ನ ಮಾಡಿ ತೋರಿಸಿದ್ದಾರೆ. ಇಷ್ಟಿದ್ದೂ ಮನೆಗೆ ಬಂದ ಮೊದಲ ದಿನವೇ ಬಿಚ್ಚಿಸ್ತೀವಲ್ಲ!

"ನಾವೆಲ್ಲ ಬೆಳೀಲಿಲ್ವಾ?" ಅಂದರು ಹಿರಿಯರೊಬ್ಬರು. ಅದೇ ಮನೆಯ ಅಜ್ಜಿಗೆ ಸಣ್ಣಗೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ, ಹೆಸರೂ ಇಟ್ಟಿರಲಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಮಾತಾಡಲ್ಲ.

ಬಾಣಂತಿಗೆ ಸುಸ್ತಾಗುತ್ತೆ ಅನ್ನೋದು ನಿಜ. ಅದಕ್ಕೆ ಗಂಡ ಇದ್ದಾನಲ್ಲ? ಹಜಾರದಲ್ಲಿ ಸುಮ್ನೆ ಕೂತಿದ್ದ. ಶರ್ಟ್ ಬಿಚ್ಚಿ ಅವನೂ ಕಟ್ಟಿಕೊಳ್ಳಬಹುದು, ಅತ್ತೆಯೂ ಕಟ್ಟಿಕೊಳ್ಳಬಹುದು. ಅವನಿಗೆ ಹೇಳಿ ಬಂದಿದ್ದೀನಿ. ಅವನ ತಾಯಿಗೆ ನನ್ನ ಮೇಲೆ ಬೇಜಾರಾಗಿದೆ, ಆಗಲಿ.

ನೋಡೋಕೆ ಹೋಗೋರು ದೂರದಿಂದಲೇ ನೋಡಿ ಬನ್ನಿ. ಎಣ್ಣೆ ನೀರು ಎಲ್ಲ ಕೂಸು ತೂಕ ಹಿಡಿದು ಡಾಕ್ಟರ್ ಹೂಂ ಅಂದಮೇಲೆ ಇರಲಿ. ಕಟ್ಟೋದು ಸರಿ ಬರ್ತಿಲ್ಲ ಅಂದ್ರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರ್ತಾರೆ, ಅವರ ಮುಂದೆಯೇ ಕಟ್ಟಿ ತೋರಿಸಿ ಕೇಳಿ.