ಸತ್ಯಾಂಶ: ಜರ್ಮನ್ ಚಿಟ್ಟೆಗೆ ಸಿಟ್ಟೇಕೆ?

ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್‌ಗಳಲ್ಲಿ ಇಂಪಾಗಿ ಕೇಳಿಸುವ ಚಿಟ್ಟೆಯ ಹೆಸರು ಜರ್ಮನ್ ಸರದಿ ಬಂದಾಗ ಗದರಿಕೆಯಾಗುವ ವಿಡಿಯೊ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ನಗು ಬರುವುದು ಸಹಜ, ನನಗೂ ಬಂದಿತ್ತು. ಆದರೆ ಜರ್ಮನ್ ಮಾತಿಗೆ ರಾಗವೇ ಇಲ್ಲ, ಫ್ರೆಂಚರ ನಾಲಿಗೆಗೆ ಅದು ಒಗ್ಗುವುದೇ ಇಲ್ಲ ಎಂಬ ತೀರ್ಮಾನ ತಪ್ಪು. ವಿಡಿಯೊದಲ್ಲಿ ‘ಶ್ಮೆಟರ್‌ಲಿಂಗ್’ ಎಂದು ಕೂಗಿದ್ದಾರೆ, ಅಷ್ಟೆ. ಕೂಗಿದರೆ ಫ್ರೆಂಚಿನ ‘ಪಾಪಿಯೋ’ ಕೂಡ ಗದರಿಕೆಯೇ.

ಫ್ರೆಂಚರಿಗೆ ನಿಜವಾದ ತೊಡಕು ಬೇರೆ ಕಡೆ ಇದೆ. ಅವರ ಭಾಷೆಯಲ್ಲಿ ಒತ್ತು (ಒಂದು ಅಕ್ಷರವನ್ನು ಉಳಿದವಕ್ಕಿಂತ ಬಲವಾಗಿ ನುಡಿಯುವುದು) ಸಾಮಾನ್ಯವಾಗಿ ಪದಗುಚ್ಛದ ಕೊನೆಗೆ ಬೀಳುತ್ತದೆ. ಮಾತು ಇನ್ನೂ ಮುಗಿದಿಲ್ಲವೆಂದರೆ ದನಿ ಅಲ್ಲೇ ಏರುತ್ತದೆ. ಜರ್ಮನ್‌ನಲ್ಲಿ ಪದದೊಳಗೇ ಒತ್ತಿನ ಜಾಗ ಗೊತ್ತಾಗಿರುತ್ತದೆ, ವಾಕ್ಯದ ಏರಿಳಿತ ಆ ಜಾಗವನ್ನೇ ಹಿಡಿದು ನಡೆಯುತ್ತದೆ. ‘ಉಮ್‌ಫಾರನ್’ ಎಂಬ ಪದದಲ್ಲಿ ‘ಉಮ್’ ಒತ್ತಿದರೆ ವಾಹನದಿಂದ ಗುದ್ದಿ ಕೆಡವುವುದು. ‘ಫಾ’ ಒತ್ತಿದರೆ ಬಳಸಿಕೊಂಡು ಹೋಗುವುದು. ರಸ್ತೆಯಲ್ಲಿ ನಿಂತವನಿಗೆ ಇದೇನು ಸಣ್ಣ ವ್ಯತ್ಯಾಸವಲ್ಲ! ತಮ್ಮ ಭಾಷೆಯಲ್ಲಿ ಬೇಕಾಗದ ಈ ಭೇದ ಫ್ರೆಂಚ್ ಕಿವಿಗೆ ಮೊದಮೊದಲು ತಪ್ಪಿಹೋಗುತ್ತದೆ. ಒತ್ತಿನ ಅಕ್ಷರಕ್ಕೆ ಮೇಜು ತಟ್ಟುತ್ತಾ, ಪದ ಬಿಟ್ಟು ರಾಗವನ್ನಷ್ಟೇ ಗುನುಗುತ್ತಾ ಅದನ್ನು ಪಳಗಿಸಿಕೊಳ್ಳಬಹುದು.

ನೀವೇ ಪರೀಕ್ಷಿಸಬಹುದು. ಧ್ವನಿಯಿರುವ ಆನ್‌ಲೈನ್ ನಿಘಂಟಿನಲ್ಲಿ ಎರಡೂ ಭಾಷೆಯ ಚಿಟ್ಟೆಯನ್ನು ಕೇಳಿ. ಡೂಡೆನ್ ಎಂಬ ಜರ್ಮನ್ ನಿಘಂಟು ಒತ್ತಿನ ಸ್ವರದ ಕೆಳಗೆ ಚುಕ್ಕೆ ಅಥವಾ ಗೆರೆ ಹಾಕುತ್ತದೆ. ಇನ್ನೂ ಕುತೂಹಲವಿದ್ದರೆ ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಮುದ್ರಣ ತೆರೆಯಿರಿ. ದನಿಯ ಏರಿಳಿತ ಗೆರೆಯಾಗಿ ಕಾಣುತ್ತದೆ.