ನೂರರಲ್ಲಿ ಏಳು ಕಳೆಯಿರಿ, ಮೇಷ್ಟ್ರೇ

ಎಡಿನ್‌ಬರಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಇಲ್ಲಿನವರ ಒಂದು ಗುಣ ನನಗೆ ತುಂಬಾ ಇಷ್ಟ. ಹಳೇ ಕಾಗದ ಎಸೆಯುವುದಿಲ್ಲ.

1932ರ ಜೂನ್ 1ರಂದು ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಒಂದು ಬುದ್ಧಿ ಪರೀಕ್ಷೆ ನಡೆಯಿತು. 1921ರಲ್ಲಿ ಹುಟ್ಟಿದ 87,498 ಮಕ್ಕಳು ಕೂತು ಬರೆದರು. ಆ ಅಂಕಪಟ್ಟಿ ದಶಕಗಟ್ಟಲೆ ಹಾಗೇ ಬಿದ್ದಿತ್ತು. 1990ರ ದಶಕದಲ್ಲಿ ಇಯಾನ್ ಡಿಯರಿ, ಲಾರೆನ್ಸ್ ವಾಲಿ ಎಂಬ ಸಂಶೋಧಕರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಹನ್ನೊಂದನೇ ವಯಸ್ಸಿನಲ್ಲಿ ಕಡಿಮೆ ಅಂಕ ಬಂದವರಿಗೆ ಇಳಿವಯಸ್ಸಿನ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಸ್ವಲ್ಪ ಜಾಸ್ತಿ ಎಂದು ಕಂಡುಬಂತು.

ಇದನ್ನು ಹೇಳಿದರೆ ನಮ್ಮ ಕಡೆ "ಅದೇ ಮತ್ತೆ, ಓದಿದವರಿಗೆ ಮರೆವು ಬರಲ್ಲ" ಅಂದುಬಿಡುತ್ತಾರೆ. ಎಡವೋದು ಇಲ್ಲೇ.

ನಮ್ಮ ದೊಡ್ಡಪ್ಪ ಶ್ರೀನಿವಾಸಪುರದ ಕಡೆ ಗಣಿತದ ಮೇಷ್ಟ್ರು. ಏನಾದರೂ ಕೇಳಿದರೆ "ನೀನೇ ಹೇಳು ನೋಡೋಣ" ಅನ್ನುತ್ತಿದ್ದರು. ಪಾಠ ಮಾಡಿದ ಅಭ್ಯಾಸ ಅಂದುಕೊಂಡು ನಾವೆಲ್ಲ ನಗುತ್ತಿದ್ದೆವು. ದೊಡ್ಡಮ್ಮ ಮಾತ್ರ ನಗಲಿಲ್ಲ. ಮಾವಿನಕಾಯಿ ಮಂಡಿಯಿಂದ ಬಂದ ದುಡ್ಡನ್ನು ಎಣಿಸಿ, ಎದ್ದು ಹೋಗಿ, ಬಂದು ಮತ್ತೆ ಎಣಿಸುತ್ತಾರೆ ಎಂದು ಅವರು ಹೇಳುತ್ತಲೇ ಇದ್ದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಮರೆವು ಇದೆಯೋ ನೋಡಲು ನೂರರಲ್ಲಿ ಏಳೇಳು ಕಳೆಯುತ್ತಾ ಹೋಗಿ ಅಂದರಂತೆ. ಗಣಿತದ ಮೇಷ್ಟ್ರಿಗೆ! ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಪಟಪಟ ಹೇಳಿದರು. ಏನೂ ಇಲ್ಲ, ವಯಸ್ಸಾಯಿತಷ್ಟೇ ಎಂದು ಕಳಿಸಿದರು. ಎರಡು ವರ್ಷ ಹೀಗೇ ಹೋಯಿತು.

ದೊಡ್ಡ ಹಗೇವಿಗೆ ಹೆಗ್ಗಣ ಬಿದ್ದ ಹಾಗೆ ಇದು. ರಾಗಿ ಜಾಸ್ತಿ ಇರೋದರಿಂದ ಬೇಗ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಳ ಹತ್ತಿರ. ಓದಿದವರಲ್ಲಿ ಕಾಯಿಲೆ ತಡವಾಗಿ ಹೊರಬೀಳುತ್ತದೆ, ಹೊರಬಿದ್ದ ಮೇಲೆ ಬೇಗ ಇಳಿಸುತ್ತದೆ. ಯಾಕೋವ್ ಸ್ಟರ್ನ್ ಅವರಂಥ ಮಿದುಳು ಸಂಶೋಧಕರು ಬಹಳ ವರ್ಷದಿಂದ ಹೇಳುತ್ತಿರುವುದೂ ಇದನ್ನೇ.

ಇನ್ನು ದೊಡ್ಡಮ್ಮ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ಕನ್ನಡ, ತೋಟದಲ್ಲಿ ತೆಲುಗು, ಸಂತೆಯಲ್ಲಿ ಚೂರುಪಾರು ಉರ್ದು. ಮರೆವು ನೋಡಲು ಡಾಕ್ಟರು ಕೇಳುವಂತೆ ಗಡಿಯಾರದ ಚಿತ್ರ ಬರೆಯಿರಿ ಅಂದರೆ ಪೆನ್ನು ಹಿಡಿಯೋದೇ ಕಷ್ಟ. ಆ ಪರೀಕ್ಷೆಯಲ್ಲಿ ಅವರು ಫೇಲು, ದೊಡ್ಡಪ್ಪ ಪಾಸು. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಬರೆದಿದ್ದರು: ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದುಬರಹ ಇಲ್ಲದವರಲ್ಲೂ ತಡವೇ. ಕೋಲಾರದ ಕಡೆಯವರು ಇದನ್ನು ಓದಿ ಮೀಸೆ ತಿರುವಬಹುದು ಬಿಡಿ.

ಸ್ಕಾಟ್ಲೆಂಡಿನವರ ಜಾಣತನ ಇರುವುದು ಮುದುಕನನ್ನು ಹನ್ನೊಂದು ವರ್ಷದ ಅದೇ ಹುಡುಗನ ಪಕ್ಕ ನಿಲ್ಲಿಸಿ ನೋಡಿದ್ದರಲ್ಲಿ. ನಮ್ಮಲ್ಲಿ ಅಂಥ ಕಾಗದ ಇಲ್ಲ, ನಿಜ. ಆದರೆ ನಲವತ್ತೆಂಟು ವರ್ಷ ಜೊತೆಗಿದ್ದ ದೊಡ್ಡಮ್ಮ ಅವತ್ತು ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕರೆದು ಒಂದು ಮಾತು ಕೇಳಬಹುದಿತ್ತು, ಅಲ್ವಾ?