ಸೊಂಟದ ಸೀಸ

ಮೊನ್ನೆ ಮಲ್ಪೆಯಲ್ಲಿ ಊಟಕ್ಕೆ ಕೂತಾಗ ಒಬ್ಬರು ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರಕ್ಕಿಳಿಯುವ ಸುದ್ದಿ ತೆಗೆದರು. ‘ನನ್ನದು 200 ಡೈವ್ ಆಯ್ತು ಮಾರಾಯ್ರೆ.’ ಮುಳುಗೋದಕ್ಕೆ ಸೊಂಟಕ್ಕೆ ಎಷ್ಟು ಸೀಸ ಕಟ್ತೀರಿ ಅಂತ ಕೇಳಿದೆ. ಗೊತ್ತಿರಲಿಲ್ಲ. ದೋಣಿಯವರು ಕಟ್ಟಿದಷ್ಟು!

ನಗುವ ಹಾಗಿಲ್ಲ. ನಾನೂ ಹಾಗೇ ಇದ್ದವನು.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಸೊಂಟದಲ್ಲಿ 8 ಕಿಲೋ. ಭಾರ ಜಾಸ್ತಿ, ಹಾಗಾಗಿ ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿಸಿದೆ. ಎದೆ ಮೇಲೆ, ಕಾಲು ಕೆಳಗೆ. ಕಂಬಳದ ಕೋಣದ ಹಾಗೆ ಮರಳೆಬ್ಬಿಸುತ್ತಾ ಹೋದೆ. ಒಂದು ಹವಳಕ್ಕೂ ಒದ್ದೆ, ಅದು ಈಗಲೂ ಚುಚ್ಚುತ್ತದೆ. ಮೇಲೆ ಬಂದಾಗ ದೋಣಿಯ ಹುಡುಗ ಏನೂ ಹೇಳದೆ ನನ್ನ ಬೆಲ್ಟಿಗೆ ಕೈ ಹಾಕಿದ. ನನಗೇ ಕಲಿಸ್ತಾನಾ ಅಂತ ಸಿಟ್ಟು ಬಂತು. ಜಾಕೆಟ್ ಖಾಲಿ ಮಾಡಿ, ಮಾಮೂಲಿ ಉಸಿರು ಹಿಡಿದು ನೀರಲ್ಲಿ ನೆಟ್ಟಗೆ ನಿಲ್ಲಿ ಅಂದ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲ ಮುಳುಗಬೇಕು. ಸಿಲಿಂಡರಿನ ಗಾಳಿಯೇ 2 ಕಿಲೋ ಮೇಲೆ ತೂಗುತ್ತದೆ. ಅದು ಖರ್ಚಾಗುವ ಲೆಕ್ಕವನ್ನೂ ಹಿಡಿದು ಕೊನೆಗೆ ಉಳಿಸಿದ್ದು 5 ಕಿಲೋ.

ಉಳಿದದ್ದು ಉಸಿರಿನ ಕೆಲಸ. ಅರ್ಧ ಲೀಟರ್ ಜಾಸ್ತಿ ಎಳೆದರೆ ಸುಮಾರು ಅರ್ಧ ಕಿಲೋ ಹಗುರ. ಆದರೆ ಮೈ ಏಳಲು ಒಂದೆರಡು ಕ್ಷಣ ಬೇಕು. ಅಷ್ಟು ಕಾಯುವ ವ್ಯವಧಾನ ಇಲ್ಲದವರು ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿ ಒತ್ತುತ್ತಾರೆ, ಲಿಫ್ಟಿನ ಹಾಗೆ ಮೇಲೆ ಹೋಗುತ್ತಾರೆ. 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಜಾಕೆಟ್ಟಿನ ಗಾಳಿ ಹಿಗ್ಗಿ ಎರಡು ಪಟ್ಟಾಗುತ್ತದೆ. ಇಷ್ಟೇ ಆಳ ಅಲ್ವಾ ಅನ್ನುವ ಕಡೆಯೇ ಹಿಡಿತ ತಪ್ಪುವುದು. ಮೇಲೆ ಬರುವ ಮುಂಚೆ ಸುರಕ್ಷತೆಗೆ ಅಂತ 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕಲ್ಲ, ಆಗ ನೋಡಿ. ದೋಣಿಯಲ್ಲಿ ‘ನಾನು 40 ಮೀಟರ್ ಇಳಿದವ’ ಅಂದವರು ಎರಡೂ ಕೈಯಲ್ಲಿ ಹಗ್ಗ ಹಿಡಿದಿರುತ್ತಾರೆ. ಇಳಿಯುವುದೇನು, ಸೀಸದ ತುಂಡೂ ಇಳಿಯುತ್ತದೆ.

ಇನ್ನೊಂದು ಜಾತಿ ಇದೆ. ನೀರಲ್ಲಿ ಮೀನಿನ ಹಾಗೆ ಅಲುಗದೆ ನಿಲ್ಲುತ್ತಾರೆ, ಒಪ್ಪೋಣ. ಆದರೆ ಹೊಸಬರು ಒದ್ದಾಡುವುದನ್ನು ವಿಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ ನಗುತ್ತಾರೆ. ಇವರ ಮೇಲೆ ನನಗೆ ಇನ್ನೂ ಸಿಟ್ಟು. ಆ ಹುಡುಗ ನನ್ನ 8 ಕಿಲೋ ಕಥೆಯನ್ನು ದೋಣಿಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ನಾನೇ ಹೇಳ್ತಾ ಇದ್ದೇನೆ.

ಈಗ ಮಳೆಗಾಲ, ಸಮುದ್ರ ಬಂದ್. ಮನೆಯಲ್ಲಿ ಕೂತು ಪತ್ರೊಡೆ ತಿಂದು ಹೊಟ್ಟೆ ಸ್ವಲ್ಪ ಬಂದಿದೆ. ಕೊಬ್ಬು ತೇಲುತ್ತದೆ. ಸೀಸನ್ ಶುರುವಾದಾಗ 5 ಸಾಕೋ, 6 ಬೇಕೋ, ಅವನ ಹತ್ತಿರವೇ ಕೇಳಬೇಕು.